ಬಂದವರಿಗೆ ನೀರೂ ಕೊಡಕೂಡದು

ಬರ್ಮಾದಿಂದ ಬಂದ ನಿರಾಶ್ರಿತರನ್ನು ನೋಡಿ ವರದಿ ಬರೆಯಲು ಸರ್ಕಾರದ ಅಧಿಕಾರಿಯೊಬ್ಬರು ಕಳೆದ ತಿಂಗಳು ನಮ್ಮ ಸೆಂಟರಿಗೆ ಬಂದರು. ನಾವು ಅವರಿಗೆ ತೋರಿಸಿದ್ದು ಒಂದು ಬೆಕ್ಕನ್ನು.

ಉತ್ಪ್ರೇಕ್ಷೆ ಅಲ್ಲ. ಹೊಲಿಗೆಯಂತ್ರಗಳು ಸಾಲಾಗಿ ನಿಂತಿದ್ದವು. ಒರೆಸಿದ ನೆಲ ಹೊಳೆಯುತ್ತಿತ್ತು. ಒಂದು ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳೊಂದು ನೇತಾಡುತ್ತಿತ್ತು. ಮನುಷ್ಯರು ಮಾತ್ರ ಒಬ್ಬರೂ ಇಲ್ಲ. ಕಿಟಕಿಯ ದಂಡೆಯ ಮೇಲೆ ಕುಳಿತ ಬೆಕ್ಕೊಂದು ನಿಧಾನವಾಗಿ ಮುಖ ತೊಳೆದುಕೊಳ್ಳುತ್ತಿತ್ತು. ಅದೂ ನಮ್ಮದಲ್ಲ, ಪಕ್ಕದ ಒಣಮೀನಿನ ಅಂಗಡಿಯದು.

ಅಧಿಕಾರಿಗಳು ಬೆಕ್ಕನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಎಲ್ರೀ ನಿಮ್ಮ ನಿರಾಶ್ರಿತರು?”

ನನಗೇ ಗೊತ್ತಿರಲಿಲ್ಲ.

ಈ ಸೆಂಟರಿನ ಬಗ್ಗೆ ಹಿಂದೆಯೂ ಈ ಅಂಕಣದಲ್ಲಿ ಬರೆದದ್ದುಂಟು. ಓದಿ ಮರೆತವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. (ಓದಲೇ ಇಲ್ಲ ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದ್ದರಿಂದ ಎಲ್ಲರೂ ಮರೆತವರೇ.) ನಮ್ಮ ಕರಾವಳಿಯಿಂದ ಅಜ್ಜಂದಿರ ಕಾಲದಲ್ಲಿ ರಂಗೂನಿಗೆ ಹೋಗಿ ಅಂಗಡಿ, ಹೋಟೆಲು ಇಟ್ಟುಕೊಂಡಿದ್ದ ಕುಟುಂಬಗಳು ಒಂದಷ್ಟು. ಅಲ್ಲಿನ ಸರ್ಕಾರ ಅಂಗಡಿಗಳನ್ನೆಲ್ಲ ತಾನೇ ವಹಿಸಿಕೊಂಡಿತು. ಇವರು ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲು ಹತ್ತಿ ಮಂಗಳೂರಿನಲ್ಲಿ ಇಳಿದರು. ಕೈಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ. ನೆಂಟರ ಮನೆಯಲ್ಲಿ ಮೊದಲ ವಾರ ಕೋಳಿ ಸಾರು, ಎರಡನೆಯ ವಾರ ಗಂಜಿ, ಮೂರನೆಯ ವಾರ ‘ಮುಂದೆ ಎಂತ ಮಾಡುವುದು ಅಂತ ಇದ್ದೀರಿ?’ ಎಂಬ ಪ್ರಶ್ನೆ.

ಆಗ ನಾವು ಕೆಲವರು ಸೇರಿ ಒಂದು ಕಮಿಟಿ ಮಾಡಿದೆವು. ಸರ್ಕಾರದ ಅನುದಾನಕ್ಕೆ ಬರೆದೆವು, ಸಿಕ್ಕಿತು. ಬಂದರಿನಲ್ಲಿ ಹಳೆಯ ಮೆಣಸಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದೆವು. ಕೆಳಗೆ ಹೊಲಿಗೆ ಕಲಿಕೆ. ಉಪ್ಪರಿಗೆಯಲ್ಲಿ, ಬೇರೆಲ್ಲೂ ತಲೆಯಿಡಲು ಜಾಗವಿಲ್ಲದವರಿಗೆ ಕೋಣೆಗಳು. ಕಮಿಟಿಯ ಸೆಕ್ರೆಟರಿ ಪೈಗಳು, ಬ್ಯಾಂಕಿನಿಂದ ನಿವೃತ್ತರಾದವರು. ದಿನನಿತ್ಯದ ಉಸ್ತುವಾರಿ ನನ್ನದು. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳಿಗೆ ಗಂಟೆ ಹೊಡೆಯಲು ಒಂದು ಜಾಗ ಬೇಕಲ್ಲ?

ಉಪ್ಪರಿಗೆಯ ಮುಂದಿನ ಕೋಣೆಯಲ್ಲಿ ಇರುವವಳು ನಫೀಸಾ. ಜೊತೆಗೆ ಕಣ್ಣು ಮಂಜಾದ ಅತ್ತೆ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಗಂಡ ಸರಕು ಸಾಗಿಸುವ ಮಂಜಿ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಾನೆ. ಮನೆಯಲ್ಲಿ ಇರುವುದಕ್ಕಿಂತ ನೀರಿನ ಮೇಲೆ ಇರುವುದೇ ಹೆಚ್ಚು. ಪಡೀಲಿನ ಕಡೆ ಇಂಥವರಿಗೆ ನಿವೇಶನ ಕೊಡುತ್ತಾರೆ ಎಂಬ ಮಾತು ಉಂಟು. ಮಾತು ಮಾತ್ರ ಉಂಟು.

ಅನುದಾನ ವರ್ಷದಿಂದ ವರ್ಷಕ್ಕೆ. ಅಧಿಕಾರಿ ಬಂದು ನೋಡಬೇಕು, ‘ಕೇಂದ್ರ ನಡೆಯುತ್ತಿದೆ’ ಎಂದು ಬರೆಯಬೇಕು, ಆಮೇಲೆ ಮುಂದಿನ ವರ್ಷದ ಬಾಡಿಗೆ. ಈ ಸಲ ಕಟ್ಟಡದ ಯಜಮಾನರು ಮೊದಲೇ ಹೇಳಿಕಳುಹಿಸಿದ್ದರು: “ಸರ್ಕಾರದಿಂದ ಬಾರದಿದ್ದರೆ ಹೇಳಿಬಿಡಿ ಟೀಚರೇ. ನನಗೆ ಮಳೆಗಾಲದ ಮೊದಲು ಮೆಣಸಿನ ಮೂಟೆ ಇಡ್ಲಿಕ್ಕುಂಟು.” ಅವರದು ತಪ್ಪಲ್ಲ. ಮೆಣಸಿಗೂ ಒಂದು ಸೂರು ಬೇಕು. ಆದರೆ ಮೂಟೆ ಮೇಲೇರಿದರೆ ನಫೀಸಾ ಕೆಳಗಿಳಿಯಬೇಕು. ಇಳಿದು ಹೋಗಲು ಅವಳಿಗೆ ಬೇರೆ ಜಾಗವಿಲ್ಲ.

ತನಿಖೆಯ ದಿನ ಗೊತ್ತಾಗುವ ಮೊದಲೇ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಅನುದಾನ ಪಡೆಯುವ ಸಂಸ್ಥೆಗಳು ತನಿಖಾಧಿಕಾರಿಗಳಿಗೆ ಯಾವ ಬಗೆಯ ಉಪಚಾರವನ್ನೂ ಮಾಡತಕ್ಕದ್ದಲ್ಲ. ಅಧಿಕಾರಿಗಳು ಸ್ವೀಕರಿಸತಕ್ಕದ್ದಲ್ಲ.

ಓದಿ ನನಗೆ ಎಷ್ಟು ಸಂತೋಷವಾಯಿತು! ತನಿಖೆ ಎಂದರೆ ಈಗೀಗ ಏನಾಗಿದೆ, ನಿಮಗೆ ಗೊತ್ತು. ಹಾರ, ಸ್ವಾಗತಗೀತೆ, ಕೇಸರಿಬಾತು, ಹೊರಡುವಾಗ ಗೋಡಂಬಿಯ ಪೊಟ್ಟಣ. ಮಕ್ಕಳಿಗೆ ಎಂದು ಬಂದ ಹಣ ದೊಡ್ಡವರ ಹೊಟ್ಟೆಗೆ. ಇದನ್ನು ನಿಲ್ಲಿಸಿ ಎಂದು ಶಾಲೆಯಲ್ಲಿದ್ದಾಗಲೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಈಗ ಸರ್ಕಾರವೇ ನನ್ನ ಪಕ್ಷ.

ಪೈಗಳು ಮಾತ್ರ ಸಪ್ಪಗಾದರು. “ಒಂದು ಬೊಂಡ ಕೊಟ್ಟರೆ ಎಂತ ದೋಷ ಮಾರಾಯ್ರೆ? ಅದೇನು ನಾವು ಮಾಡಿದ್ದಾ? ಮರದಲ್ಲಿ ಆಗುವುದು.”

“ಎಳನೀರೂ ಇಲ್ಲ” ಎಂದೆ.

ತನಿಖೆಯ ಹಿಂದಿನ ದಿನ ಹೆಂಗಸರನ್ನೆಲ್ಲ ಯಂತ್ರಗಳ ಮುಂದೆ ಸಾಲಾಗಿ ನಿಲ್ಲಿಸಿ ಹೇಳಿದೆ. “ನಾಳೆ ಸರ್ಕಾರದವರು ಬರುತ್ತಾರೆ. ಯಾರೂ ಏನನ್ನೂ ಕೊಡಕೂಡದು. ತಿಂಡಿ ಇಲ್ಲ, ಚಹಾ ಇಲ್ಲ. ಒಂದು ಗ್ಲಾಸು ನೀರನ್ನೂ ಕೊಡಕೂಡದು. ಸರ್ಕಾರದ ಆರ್ಡರ್.”

(ನೀರಿನ ಮಾತು ಸುತ್ತೋಲೆಯಲ್ಲಿ ಇರಲಿಲ್ಲ. ಅದು ನಾನು ಸೇರಿಸಿದ್ದು. ನಿಯಮವನ್ನು ಯಾವಾಗಲೂ ಸ್ವಲ್ಪ ಅಂಚು ಬಿಟ್ಟೇ ಹೊಲಿಯಬೇಕು ಎಂಬುದು ನನ್ನ ಅಭ್ಯಾಸ.)

ಗಿರಿಜಾ ಅದನ್ನು ತುಳುವಿನಲ್ಲಿ ಹೇಳಿದಳು. ಇವಳೂ ರಂಗೂನಿನವಳೇ, ಅಲ್ಲೇ ಹೊಲಿಗೆ ಕಲಿತವಳಾದ್ದರಿಂದ ಕಲಿಯಲು ಬಂದವಳು ಈಗ ನಮ್ಮಲ್ಲಿ ಕಲಿಸುತ್ತಾಳೆ. ನಫೀಸಾ ಬ್ಯಾರಿ ಭಾಷೆಯಲ್ಲಿ ಹೇಳಿದಳು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರಿಗೂ ಅರ್ಥವಾಯಿತು ಎಂದುಕೊಂಡು ನಾನು ಫಳ್ನೀರಿನ ನನ್ನ ಮನೆಗೆ ಹೊರಟೆ. ಸದ್ದಿಲ್ಲದ ಕ್ಲಾಸು ಎಂದರೆ ಪಾಠ ತಲೆಗೆ ಹೋದ ಕ್ಲಾಸು ಎಂದು ನಂಬಿದ ಮೇಷ್ಟರುಗಳಲ್ಲಿ ನಾನೂ ಒಬ್ಬಳು.

ಮರುದಿನ ಬೆಳಿಗ್ಗೆ ಎಲ್ಲ ನನ್ನ ಮನಸ್ಸಿನಂತೆ ಇತ್ತು. ಯಂತ್ರಗಳಿಗೆ ಎಣ್ಣೆ ಹಾಕಿತ್ತು. ಮಕ್ಕಳ ಮೂಗು ಒರೆಸಿತ್ತು. ಉಪ್ಪರಿಗೆಗೆ ಹೋಗಿ ಹಾಸಿಗೆ ಸುತ್ತಿಟ್ಟಿದ್ದಾರೆಯೇ ಎಂದೂ ನೋಡಿ ಬಂದೆ. ಹೆಂಗಸರು ತಮ್ಮ ತಮ್ಮ ಜಾಗದಲ್ಲಿ ಕುಳಿತು ಟರ್ರ್ ಎಂದು ಹೊಲಿಯುತ್ತಿದ್ದರು. ನಾನೂ ಪೈಗಳೂ ಅಧಿಕಾರಿಗಳನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆವು.

ಅಧಿಕಾರಿಗಳು ಘಟ್ಟದ ಮೇಲಿನವರು. ತೆಳ್ಳಗೆ, ನೆಟ್ಟಗೆ, ಒಂದು ಚರ್ಮದ ಚೀಲ. ರಿಕ್ಷಾ ಬೇಡ ಎಂದರು, ನಡೆದೇ ಬಂದರು. ಒಣಮೀನಿನ ಓಣಿಯಲ್ಲಿ ಕರವಸ್ತ್ರ ಮೂಗಿಗೆ ಹೋಯಿತು. ಆದರೆ ಮುಖ ಸಿಂಡರಿಸಲಿಲ್ಲ. ಒಳ್ಳೆಯ ಮನುಷ್ಯರೇ ಇರಬೇಕು ಎಂದುಕೊಂಡೆ. ಇಂಥವರಿಗೆ ನಮ್ಮ ಶಿಸ್ತು ಖಂಡಿತ ಮೆಚ್ಚಿಗೆಯಾಗುತ್ತದೆ.

ಬಾಗಿಲು ದಾಟಿದರೆ, ಬೆಕ್ಕು.

“ಈಗ ಇದ್ದರು ಸಾರ್, ಈಗ ಇದ್ದರು” ಎಂದರು ಪೈಗಳು, ಪಾರಿವಾಳ ಹಾರಿಹೋದವರಂತೆ ಮಾಡಿನ ಹಂಚುಗಳನ್ನು ನೋಡುತ್ತಾ.

ಅಧಿಕಾರಿಗಳು ಬೆಂಚಿನ ಮೇಲೆ ಕುಳಿತು ಚೀಲ ಬಿಚ್ಚಿದರು. “ನೋಡಿ, ಇಂಥದ್ದು ನಂಗೆ ಹೊಸದಲ್ಲ. ಕಾಗದದ ಮೇಲೆ ಜನ ಇರ್ತಾರೆ, ಕಟ್ಟಡದಲ್ಲಿ ಇರೋಲ್ಲ. ಒಂದು ಕಡೆ ಅಕ್ಕಪಕ್ಕದ ಮನೆ ಹೆಂಗಸರನ್ನ ಕರ್ಕೊಂಡು ಬಂದು ಕೂರಿಸಿದ್ರು. ನೀವು ಅಷ್ಟೂ ಮಾಡಿಲ್ಲ. ಅದಕ್ಕೆ ನಿಮ್ಮನ್ನ ಮೆಚ್ಚಬೇಕೋ ಏನೋ.”

ಪೆನ್ನಿನ ಮುಚ್ಚಳ ತೆರೆಯಿತು.

“ಸಾರ್, ಸ್ವಲ್ಪ ಹೊತ್ತು” ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ತಡವಾಗಿ ಬಂದ ಹುಡುಗಿಯರು ಹಿಂದೆ ನನ್ನ ಮುಂದೆ ನಿಂತು ಮಾತಾಡುತ್ತಿದ್ದ ಧ್ವನಿ ಅದು.

“ಮಧ್ಯಾಹ್ನದ ಬಸ್ಸಿಗೆ ನಾನು ಹೊರಡ್ಬೇಕು” ಎಂದರು. ಇಲ್ಲ ಎನ್ನಲಿಲ್ಲ, ಸದ್ಯ.

ಉಪ್ಪರಿಗೆಗೆ ಓಡಿದೆ. ಅಲ್ಲಿಯೂ ಇಲ್ಲ. ನಫೀಸಾಳ ಅತ್ತೆಮ್ಮನೂ ಇಲ್ಲ! ಕಣ್ಣು ಕಾಣದ ಆ ಮುದುಕಿಯನ್ನೂ ಇಳಿಸಿಕೊಂಡು ಹೋಗಿದ್ದಾರೆ ಎಂದರೆ ಇದು ಎಂಥ ಪಲಾಯನ? ಹಿಂಬಾಗಿಲು ಅರ್ಧ ತೆರೆದಿತ್ತು. ಅದರ ಆಚೆ ಒಂದು ಕಿರಿದಾದ ಅಂಗಳ, ಅಂಗಳದಲ್ಲಿ ನಾಲ್ಕು ಮನೆಗೆ ಸೇರಿದ ಬಾವಿ.

ಬಾವಿಕಟ್ಟೆಯ ಸುತ್ತ ನನ್ನ ಇಡೀ ಸೆಂಟರು ಕುಳಿತಿತ್ತು. ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ. ಅತ್ತೆಮ್ಮ ಮಗುಚಿದ ಕೊಡಪಾನದ ಮೇಲೆ ಕುಳಿತು ತಸ್ಬಿಯ ಮಣಿ ಎಣಿಸುತ್ತಿದ್ದರು.

ನನಗೆ ಬಂದ ಸಿಟ್ಟನ್ನು ಬರೆಯಲು ಈ ಪತ್ರಿಕೆಯಲ್ಲಿ ಜಾಗ ಸಾಲದು.

“ಇದೆಂತ ಆಟ ನಿಮ್ಮದು? ಕಣ್ಣಾಮುಚ್ಚಾಲೆಯಾ? ಅವರು ಅಲ್ಲಿ ಪೆನ್ನು ತೆಗೆದು ಕೂತಿದ್ದಾರೆ!”

“ಬೈಬೇಡಿ ಟೀಚರೇ” ಎಂದಳು ಗಿರಿಜಾ. “ನಾವು ಎಂತ ಮಾಡಬೇಕಿತ್ತು? ನೀವೇ ಹೇಳಿದ್ದಲ್ವಾ, ನೀರು ಸಹ ಕೊಡ್ಲಿಕ್ಕಿಲ್ಲ ಅಂತ.”

“ಕೊಡಬೇಡಿ ಅಂದೆ. ಓಡಿಹೋಗಿ ಅಂದೆನಾ?”

ಗಿರಿಜಾ ನಫೀಸಾಳ ಕಡೆ ನೋಡಿದಳು. ನಫೀಸಾ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಹೆಚ್ಚು ಮಾತಿನವಳಲ್ಲ ಅವಳು.

“ಕೊಡ್ಲಿಕ್ಕೆ ಎಂತದೂ ಇಲ್ಲದ ದಿನ ಯಾರಾದರೂ ಬಂದರೆ ನಮ್ಮಲ್ಲಿ ಎದುರು ಬರುವುದಿಲ್ಲ ಟೀಚರೇ. ಬಾಗಿಲು ಎಳೆದುಕೊಂಡು ಹಿಂದೆ ಹೋಗುವುದು. ಮನೆಯಲ್ಲಿ ಯಾರೂ ಇಲ್ಲ ಅಂತ ಬಂದವರು ಹೋಗ್ತಾರೆ. ಅವರಿಗೂ ಮರ್ಯಾದೆ, ನಮಗೂ ಮರ್ಯಾದೆ.”

“ನಮ್ಮಲ್ಲಿ ಸಹ ಹಾಗೆಯೇ” ಎಂದಳು ಗಿರಿಜಾ. “ದಾರಿ ಕೇಳ್ಲಿಕ್ಕೆ ಬಂದವನಿಗೆ ಸಹ ಬೆಲ್ಲ ನೀರು ಕೊಡದೆ ಕಳಿಸ್ಲಿಕ್ಕುಂಟಾ? ಸರ್ಕಾರದವರಿಗೆ ಬಾಯಾರುವುದೇ ಇಲ್ವಾ ಎಂತ?”

“ಅವರು ಮನೆಗೆ ಬಂದ ನೆಂಟರಲ್ಲ ಮಾರಾಯ್ತಿ! ಸೆಂಟರು ನೋಡಲು ಬಂದ ಆಫೀಸರು!”

“ನಿಮಗೆ ಸೆಂಟರು ಟೀಚರೇ” ಎಂದಳು ನಫೀಸಾ. “ನನಗೆ ಮನೆ ಅಲ್ವಾ ಅದು? ನನ್ನ ಮಕ್ಕಳು ಮಲಗುವುದು ಅಲ್ಲಿ.”

ಸಿಟ್ಟು ಇಳಿಯುವುದಕ್ಕೂ ಒಂದು ಸದ್ದು ಇರುತ್ತದೆಯೇ? ನನಗಂತೂ ಕೇಳಿಸಿತು.

ಯೋಚಿಸಿ ನೋಡಿ. ಈ ಹೆಂಗಸರು ಮಂಗಳೂರಿನಲ್ಲಿ ಇಳಿದ ದಿನದಿಂದ ಏನು ಮಾಡಿದ್ದಾರೆ? ತೆಗೆದುಕೊಂಡಿದ್ದಾರೆ. ರೈಲ್ವೆ ಸ್ಟೇಷನಿನಲ್ಲಿ ಬನ್ನು ತೆಗೆದುಕೊಂಡರು. ಕಂಬಳಿ ತೆಗೆದುಕೊಂಡರು. ಯಾರೋ ಉಟ್ಟು ಬಿಟ್ಟ ಸೀರೆ ತೆಗೆದುಕೊಂಡರು, ನನ್ನ ಉಪದೇಶ ತೆಗೆದುಕೊಂಡರು. ಎಲ್ಲದಕ್ಕೂ ಸಹಿ, ಇಲ್ಲವೇ ಹೆಬ್ಬೆಟ್ಟು. ಬಂದವರ ಕೈಗೆ ಏನಾದರೂ ಇಡುವ ಒಂದು ಸಂದರ್ಭ ಬಂದಿತ್ತು. ಅದಕ್ಕೂ ನಾನು ಬೀಗ ಹಾಕಿದ್ದೆ, ಸಾಲದ್ದಕ್ಕೆ ನೀರನ್ನೂ ಸೇರಿಸಿ.

ಆದರೂ ಒಳಗೆ ಪೆನ್ನು ತೆರೆದಿತ್ತಲ್ಲ! “ನಫೀಸಾ, ಅವರು ‘ಇಲ್ಲಿ ಯಾರೂ ಇಲ್ಲ’ ಅಂತ ಬರೆದರೆ ಆ ಮನೆಯೂ ಇರುವುದಿಲ್ಲ. ಗೊತ್ತುಂಟಲ್ಲ?”

“ಗೊತ್ತುಂಟು.” ಅಷ್ಟು ಗೊತ್ತಿದ್ದೂ ಅವಳು ಬಾವಿಕಟ್ಟೆಯಲ್ಲಿ ಕುಳಿತಿದ್ದಳು ಎಂಬುದು ನನಗೆ ಆಗ ಹೊಳೆಯಿತು.

“ಮತ್ತೆ ಬಾ.”

“ಬರ್ತೇನೆ. ಒಂದು ಚಹಾ ಇಡ್ಲಿಕ್ಕೆ ಬಿಡಿ.”

“ಅವರು ಕುಡಿಯುವ ಹಾಗಿಲ್ಲ. ರೂಲ್ ಉಂಟು.”

“ಕುಡಿಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಇಡುವುದು ನನಗೆ ಬಿಟ್ಟದ್ದಲ್ವಾ?”

ಓದುಗರೇ, ಬೋರ್ಡಿಂಗಿನ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವಳು ನಾನು. ಕಾಂಪೌಂಡಿನ ಹುಲ್ಲಿನ ಮೇಲೆ ನಡೆಯಬಾರದು ಎಂದರೆ ಇಂದಿಗೂ ಸುತ್ತಿ ಹೋಗುವವಳು. ಸುತ್ತೋಲೆಯ ‘ಉಪಚಾರ ಮಾಡತಕ್ಕದ್ದಲ್ಲ’ ಎಂಬ ಸಾಲು ಕಣ್ಣಮುಂದೆ ಬಂದು ನಿಂತಿತು. ಆ ಸಾಲಿನ ಹಿಂದೆ ನಫೀಸಾ ನಿಂತಿದ್ದಳು.

“ಇಡು. ಬೇಗ ಇಡು” ಎಂದೆ.

ನಾನು ಹೇಳದೆಯೇ ಅವರೆಲ್ಲ ಸಾಲು ಕಟ್ಟಿಕೊಂಡು ಒಳಗೆ ಬಂದರು. ಒಬ್ಬೊಬ್ಬರಾಗಿ ತಮ್ಮ ಯಂತ್ರದ ಮುಂದೆ ಕುಳಿತರು. ಅಧಿಕಾರಿಗಳು ಪೆನ್ನನ್ನು ಗಾಳಿಯಲ್ಲಿ ಹಿಡಿದು ಈ ಮೆರವಣಿಗೆಯನ್ನು ನೋಡಿದರು.

“ಅಕ್ಕಪಕ್ಕದ ಮನೆಯವರೇನ್ರೀ ಇವರು?”

ಪೈಗಳು ಎದೆ ಮುಟ್ಟಿಕೊಂಡರು. “ದೇವರಾಣೆ ರಂಗೂನಿನವರೇ ಸಾರ್! ಬೇಕಾದರೆ ಬರ್ಮಾ ಭಾಷೆಯಲ್ಲಿ ಮಾತಾಡಿಸಿ ನೋಡಿ.”

“ನನಗೆ ಬರ್ಮಾ ಭಾಷೆ ಬರ್ಬೇಕಲ್ಲ?”

ಅಷ್ಟರಲ್ಲಿ ನಫೀಸಾ ಬಂದಳು. ಗ್ಲಾಸಿನಲ್ಲಿ ಹಾಲಿಲ್ಲದ ಕಣ್ಣ ಚಹಾ, ಮೇಲೊಂದು ಲಿಂಬೆಯ ಚೂರು. ಬಲಗೈಯಲ್ಲಿ ಗ್ಲಾಸು, ಎಡಗೈಯ ಬೆರಳು ಬಲ ಮೊಣಕೈಗೆ ತಾಗಿಸಿ, ತುಸು ಬಾಗಿ ಮುಂದಿಟ್ಟಳು. ರಂಗೂನಿನಲ್ಲಿ ಹಿರಿಯರಿಗೆ ಕೊಡುವ ರೀತಿ ಅದು ಎಂದು ಗಿರಿಜಾ ಆಮೇಲೆ ಹೇಳಿದಳು.

ಅಧಿಕಾರಿಗಳು ಗ್ಲಾಸನ್ನು ನೋಡಿ, ನನ್ನ ಕಡೆ ತಿರುಗಿದರು. “ನಿಮಗೆ ಸರ್ಕ್ಯುಲರ್ ಬರಲಿಲ್ವೇ?”

“ಬಂದಿದೆ ಸಾರ್. ನಾನೇ ಇವರಿಗೆ ಓದಿ ಹೇಳಿದೆ. ಅದಕ್ಕೇ ಎಲ್ಲರೂ ಬಾವಿಕಟ್ಟೆಗೆ ಓಡಿಹೋದದ್ದು.”

ಇದ್ದದ್ದನ್ನು ಇದ್ದಂತೆ ಹೇಳಿದೆ. ಬಾಗಿಲು ಎಳೆದುಕೊಳ್ಳುವುದು, ಬೆಲ್ಲ ನೀರು, ಎಲ್ಲ. ಅವರು ನಗಲಿಲ್ಲ. ಚಹಾ ಕುಡಿಯಲೂ ಇಲ್ಲ. ಆದರೆ ಗ್ಲಾಸನ್ನು ಹಿಂದಕ್ಕೆ ತಳ್ಳಲೂ ಇಲ್ಲ. ಕಾಗದ ತಾಗದ ಹಾಗೆ ಸ್ವಲ್ಪ ಬಲಕ್ಕೆ ಸರಿಸಿ ಇಟ್ಟುಕೊಂಡರು, ಅಷ್ಟೇ. ಅದು ಅವರ ಪಕ್ಕದಲ್ಲೇ ಕುಳಿತಿತ್ತು, ಹಬೆಯಾಡುತ್ತಾ.

ಅಷ್ಟು ಸಾಕಾಯಿತು. ಏನು ಬದಲಾವಣೆ ಅಂತೀರಿ! ಹಿಂದೆ ಯಾರಾದರೂ ದೊಡ್ಡವರು ಬಂದರೆ ನೆಲ ನೋಡಿಕೊಂಡು ‘ಹೌದು’, ‘ಇಲ್ಲ’ ಎನ್ನುತ್ತಿದ್ದ ಈ ಹೆಂಗಸರಿಗೆ ಬಾಯಿ ಬಂತು. ಹಡಗಿನ ಕತೆ ಒಬ್ಬಳು ಹೇಳಿದಳು. ಹೊಲಿದ ಲಂಗಗಳನ್ನು ಬಂದರಿನ ಜವಳಿ ಅಂಗಡಿಯವರು ಹೇಗೆ ಚೌಕಾಸಿ ಮಾಡುತ್ತಾರೆ ಎಂದು ಇನ್ನೊಬ್ಬಳು ಅಭಿನಯಿಸಿಯೇ ತೋರಿಸಿದಳು. ಮನೆಯವರು ನೆಂಟರೊಡನೆ ಮಾತಾಡುವ ಹಾಗೆ.

ಅಧಿಕಾರಿಗಳು ಯಂತ್ರದಿಂದ ಯಂತ್ರಕ್ಕೆ ಹೋಗಿ ಕೆಲಸ ನೋಡಿದರು. ನಫೀಸಾ ಹೊಲಿದ ರವಿಕೆಯನ್ನು ಎತ್ತಿ ಹಿಡಿದವರು ಹುಬ್ಬು ಗಂಟಿಕ್ಕಿದರು. ಹಿಂದೆ ಮುಂದೆ ತಿರುಗಿಸಿದರು.

“ಇದೇನಮ್ಮಾ, ಎರಡೂ ಎಡತೋಳು?”

ನಾನು ಕಣ್ಣು ಮುಚ್ಚಿಕೊಂಡೆ. ಗಿರಿಜಾ ಕಿಸಕ್ಕನೆ ನಕ್ಕಳು. “ಅವಳು ಹೊಲಿದರೆ ಹಾಗೆಯೇ ಸಾರ್. ಹಾಕಿಕೊಳ್ಳಬೇಕಾದರೆ ಬಲಗೈ ಬಿಚ್ಚಿಟ್ಟು ಬರಬೇಕು!”

“ಸುಮ್ಮನಿರು ಗಿರಿಜಕ್ಕ” ಎಂದಳು ನಫೀಸಾ, ಕೆಂಪಾಗಿ. “ನನ್ನ ಕೈಗೆ ಇದು ಬರುವುದೇ ಇಲ್ಲ ಸಾರ್. ನಮ್ಮದು ರಂಗೂನಿನಲ್ಲಿ ಚಹಾದ ಅಂಗಡಿ. ಬೆಳಿಗ್ಗೆ ಬಾಂಗಿನ ಮೊದಲು ಒಲೆ ಹೊತ್ತಿಸಿದರೆ ರಾತ್ರಿ ಇಶಾ ನಮಾಜಿನವರೆಗೆ ಆರುವುದಿಲ್ಲ.”

“ಹೋಟೆಲು ನಡೆಸಿದವರಿಗೆ ಹೊಲಿಗೆ ಯಾಕ್ರೀ ಕಲಿಸ್ತಿದೀರಿ?” ಅಧಿಕಾರಿಗಳು ನನ್ನನ್ನೇ ಕೇಳಿದರು.

“ಅನುದಾನ ಹೊಲಿಗೆಗೆ ಮಾತ್ರ ಉಂಟು ಸಾರ್. ಬೇರೆ ಕಸುಬಿಗೆ ಇಲ್ಲ.”

ಅವರು ಆ ರವಿಕೆಯನ್ನು ನೀಟಾಗಿ ಮಡಚಿ ಯಂತ್ರದ ಮೇಲಿಟ್ಟರು. ಕೊಡುವ ಸರ್ಕಾರದವರಿಗೂ, ನಡುವೆ ನಿಂತು ಹಂಚುವ ನನ್ನಂಥವರಿಗೂ ಇದು ಹೊಳೆದಿರಲಿಲ್ಲ ನೋಡಿ. ನಿಮಗೆ ಏನು ಬೇಕು ಎಂದು ಕೇಳುತ್ತೇವೆ, ನಿಮಗೆ ಏನು ಬರುತ್ತದೆ ಎಂದು ಕೇಳುವುದೇ ಇಲ್ಲ.

ಉಪ್ಪರಿಗೆಯನ್ನೂ ನೋಡಬೇಕೆಂದರು. ಮೆಟ್ಟಿಲ ಬುಡದಲ್ಲಿ ಬೂಟು ಬಿಚ್ಚಿಟ್ಟರು. ಸುತ್ತಿಟ್ಟ ಹಾಸಿಗೆಗಳು, ಗೋಡೆಯಲ್ಲಿ ಮಕ್ಕಳ ಫ್ರಾಕುಗಳು, ಕಿಟಕಿಯಾಚೆ ನದಿ, ನದಿಯಲ್ಲಿ ಮಂಜಿಗಳ ಕಂಬಗಳು. ನಫೀಸಾಳ ಕಿರಿಮಗಳು ಕೈ ಚಾಚಿ ತೋರಿಸಿದಳು: “ಬಾಪ ಬರುವಾಗ ಇಲ್ಲಿಂದ ಕಾಣ್ತದೆ.” ಅಧಿಕಾರಿಗಳು ಬಗ್ಗಿ ಅವಳ ಎತ್ತರಕ್ಕೆ ಬಂದು ಆ ಕಡೆ ನೋಡಿದರು. ಬಾಡಿಗೆ ಕಟ್ಟಡ ಎಂದು ಬರೆದುಕೊಳ್ಳಲು ಬಗ್ಗಬೇಕಾಗಿರಲಿಲ್ಲ.

ಕೆಳಗೆ ಬಂದು ವರದಿ ಬರೆದರು. ಪೈಗಳು ಗೋಡೆಯ ಕ್ಯಾಲೆಂಡರಿನ ದೇವರಿಗೆ ಏನೋ ಹರಕೆ ಒಪ್ಪಿಸುತ್ತಿದ್ದ ಹಾಗಿತ್ತು. ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಚೀಲಕ್ಕೆ ಸೇರಿಸಿ, ಚೀಲದ ಬಕಲ್ ಹಾಕಿದರು. ಆಮೇಲೆ ಹೇಳಿದರು:

“ಕೇಂದ್ರ ಚೆನ್ನಾಗಿ ನಡೀತಿದೆ, ಮುಂದುವರಿಸಬಹುದು ಅಂತ ಬರ್ದಿದ್ದೀನಿ. ಚಹಾದಂಗಡಿ ವಿಚಾರಕ್ಕೆ ಬೇರೆ ಅರ್ಜಿ ಕಳಿಸಿ, ನೋಡೋಣ. ಇಲ್ಲಿಗೆ ತನಿಖೆ ಮುಗೀತು. ಇನ್ನು ನಾನು ಬರೀ ಬಸ್ ಕಾಯೋ ಮನುಷ್ಯ.”

ಎಂದು ಗ್ಲಾಸಿಗೆ ಕೈಹಾಕಿದರು.

ನಫೀಸಾ ಹಾರಿ ಬಂದು ಗ್ಲಾಸು ಕಸಿದುಕೊಂಡಳು. ಹೌದು, ಸರ್ಕಾರಿ ಅಧಿಕಾರಿಯ ಕೈಯಿಂದ! “ಛೀ, ಆರಿದ್ದನ್ನು ಕೊಡ್ಲಿಕ್ಕುಂಟಾ? ಕೂತುಕೊಳ್ಳಿ ಸಾರ್, ಈಗ ಬಂತು ಬಿಸಿದು.”

“ಅಮ್ಮಾ, ಬಸ್ಸು...”

“ಬಸ್ಸಿಗೆ ನಾನು ಹೇಳ್ತೇನೆ!” ಎಂದು ಪೈಗಳು ಪಂಚೆ ಎತ್ತಿಕಟ್ಟಿ ಓಡಿದರು. ಈ ವಯಸ್ಸಿನಲ್ಲಿ ಅವರು ಓಡಬಲ್ಲರು ಎಂಬುದು ಅವರ ಮನೆಯವರಿಗೂ ಗೊತ್ತಿರಲಾರದು. ಬಸ್ಸು ನಿಂತಿತೋ, ತಾನಾಗಿಯೇ ತಡವಾಗಿ ಹೊರಟಿತೋ, ನನಗೆ ತಿಳಿಯದು. ಅಧಿಕಾರಿಗಳಿಗೆ ಸೀಟು ಸಿಕ್ಕಿತು. ಬಿಸಿ ಚಹಾ ಕುಡಿದೇ ಹೋದರು, ಎರಡು ಗ್ಲಾಸು.

ಅಂದು ಮನೆಗೆ ಬಂದು ಊಟ ಮಾಡದೆ ಹಾಗೆಯೇ ಮಲಗಿಬಿಟ್ಟೆ. ಹಗಲು ಹೊತ್ತು ಮಲಗುವ ಅಭ್ಯಾಸ ನನಗಿಲ್ಲ. ನೆಮ್ಮದಿಗೂ ದೇಹ ಇಷ್ಟೊಂದು ದಣಿಯುತ್ತದೆಯೇ?

ಹೋದ ವಾರ ಆರ್ಡರು ಬಂತು. ಬರುವ ವರ್ಷಕ್ಕೂ ಅನುದಾನ ಉಂಟು. ಕಟ್ಟಡದ ಯಜಮಾನರಿಗೆ ತಿಳಿಸಿದೆವು. “ಒಳ್ಳೆದಾಯ್ತು ಟೀಚರೇ. ಮೆಣಸಿಗೆ ಬೇರೆ ಕಡೆ ನೋಡ್ತೇನೆ. ಮಕ್ಕಳಿದ್ದಲ್ಲಿ ಮೆಣಸಿನ ಘಾಟು ಸಹ ಆಗುವುದಿಲ್ಲ” ಎಂದರು, ಇಷ್ಟು ದಿನ ಅದನ್ನೇ ಚಿಂತಿಸುತ್ತಿದ್ದವರ ಹಾಗೆ.

ಸುದ್ದಿಯನ್ನು ನಾನೇ ಹೇಳಬೇಕೆಂದು ಮೆಟ್ಟಿಲು ಹತ್ತಿ ನೇರ ಮುಂದಿನ ಕೋಣೆಯೊಳಗೆ ನುಗ್ಗಿದೆ. ನಫೀಸಾ ಮಗಳ ತಲೆ ಬಾಚುತ್ತಿದ್ದಳು. ಹೇಳಿದೆ. ಅವಳು ಬಾಚಣಿಗೆ ಹಿಡಿದುಕೊಂಡೇ ಗೋಡೆಗೆ ಒರಗಿದಳು. ಅತ್ತೆಮ್ಮ ಎರಡೂ ಕೈ ಮೇಲೆತ್ತಿ ದುವಾ ಮಾಡಿದರು. ಅದರಲ್ಲಿ ನನ್ನ ಹೆಸರು ಬಂದಂತಿತ್ತು, ಅಧಿಕಾರಿಗಳದ್ದೂ.

“ಖಂಡಿತ ಅಲ್ವಾ ಟೀಚರೇ?”

“ಖಂಡಿತ.”

“ಯಾರೂ ಏಳಿ ಅಂತ ಹೇಳ್ಲಿಕ್ಕಿಲ್ಲ ಅಲ್ವಾ?”

“ಇಲ್ಲ.”

“ಹಾಗಾದರೆ ಇದು ನನ್ನ ಮನೆಯೇ.”

“ನಿನ್ನ ಮನೆಯೇ.”

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತು ಮಗಳ ಜಡೆ ಹೆಣೆದಳು. ಆಮೇಲೆ, ಮುಖ ಎತ್ತದೆ, ತುಂಬ ಮೆಲ್ಲಗೆ ಹೇಳಿದಳು:

“ಒಂದು ಮಾತು ಹೇಳಿದರೆ ಬೇಜಾರು ಮಾಡ್ಬೇಡಿ ಟೀಚರೇ. ಇನ್ನು ಬರುವಾಗ ಬಾಗಿಲು ತಟ್ಟಿ ಬನ್ನಿ. ಆಯ್ತಾ?”

ಮೊನ್ನೆ ಸೋಮವಾರ ಹೋದೆ. ತಟ್ಟಿದೆ. ಒಳಗಿನಿಂದ ಪಾತ್ರೆಯ ಸದ್ದು ನಿಂತು, “ಯಾರದು?” ಎಂದು ನಫೀಸಾಳ ಗಟ್ಟಿ ಸ್ವರ ಕೇಳಿತು. ಹೆಸರು ಹೇಳಿ, ಅವಳು ಬಂದು ತೆರೆಯುವವರೆಗೆ ಹೊರಗೇ ನಿಂತೆ.

ಯಾರದು ಎಂದು ಕೇಳಲಾಗದ ಮನೆ, ಸರ್ಕಾರ ಕೊಟ್ಟರೇನು, ನಾವು ಕೊಟ್ಟರೇನು, ಅದು ಮನೆಯೇ?